ಜಾಬ್ ಕಾರ್ಡಿಗೆ ಇಳಿಯದ ದೂರು: 13 ವರ್ಷದ ಒಂದು ಕಾರಿನ ಪ್ರಕರಣ

"ಬ್ರೇಕ್ ಸಮಸ್ಯೆ."

ವರ್ಕ್‌ಶಾಪಿನವರು ದೂರು ಬರೆದುಕೊಳ್ಳುವ ಜಾಬ್ ಕಾರ್ಡಿನಲ್ಲಿ ಇದ್ದದ್ದು ಇಷ್ಟೇ, ಎರಡು ಪದ. ಅದರ ಮೇಲಿನ ಸಾಲಿನಲ್ಲಿ "ಎಂಜಿನ್ ಮಿಸ್ಸಿಂಗ್". ಕೆಳಗೆ ಬೇರೆ ಯಾರದೋ ಕೈಬರಹದಲ್ಲಿ "ಚೆಕ್ ಮಾಡಿದೆ, ತೊಂದರೆ ಕಂಡುಬಂದಿಲ್ಲ". ಇಂಥ ಮೂರು ಕಾರ್ಡುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಕಾರಿನ ಒಡತಿ ಬಂದಿದ್ದರು. ಮೂರು ತಿಂಗಳಲ್ಲಿ ಮೂರು ಸಲ ವರ್ಕ್‌ಶಾಪಿಗೆ ಹೋದ ಲೆಕ್ಕ. ಮೂರು ಸಲವೂ ಗಾಡಿಯನ್ನು ಚೆನ್ನಾಗಿ ತೊಳೆದು ಕೊಟ್ಟಿದ್ದರಂತೆ.

ಹಳೇ ಕಾರು ನೋಡಿಕೊಡುವುದು ನನ್ನ ಕೆಲಸ. ಸಾಮಾನ್ಯವಾಗಿ ಕೊಳ್ಳುವ ಮೊದಲು ಕರೆಯುತ್ತಾರೆ. ಇವರು ಕೊಂಡು ಎರಡು ವರ್ಷ ಆದ ಮೇಲೆ ಬಂದವರು. "ಮೊದಲೇ ಕೇಳಬೇಕಿತ್ತು ಸರ್" ಅಂತ ಅವರೇ ಹೇಳಿಬಿಟ್ಟರು. ಹಾಗಾಗಿ ಆ ಮಾತು ನಾನು ಎತ್ತಲಿಲ್ಲ.

ಕಾರು ಒಂದು ಸಣ್ಣ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಕೈಯಲ್ಲಿ ಗೇರ್ ಹಾಕುವಂಥದ್ದು. ವಯಸ್ಸು 13 ವರ್ಷ, ಮೀಟರಿನಲ್ಲಿ 1,18,000 ಕಿಲೋಮೀಟರ್. ಇವರು ಮೂರನೇ ಮಾಲೀಕರು. ಮೊದಲ 5 ವರ್ಷದ ಸರ್ವಿಸ್ ದಾಖಲೆ ಅಚ್ಚುಕಟ್ಟಾಗಿತ್ತು. ಆಮೇಲಿನದು ಒಂದು ಚೀಟಿಯೂ ಇಲ್ಲ. ಬಣ್ಣಕ್ಕೆ ಪಾಲಿಶ್, ಸೀಟಿಗೆ ಹೊಸ ಕವರ್, ಬಾನೆಟ್ ಒಳಗೆಲ್ಲ ಮಿರಮಿರ ಮಿಂಚುವ ಸ್ಪ್ರೇ. ಬಾನೆಟ್ ಒಳಗೆ ಇಷ್ಟು ಮಿಂಚಿದರೆ ನನಗೆ ಸ್ವಲ್ಪ ಅನುಮಾನವೇ.

"ಕಾರ್ಡ್ ಬಿಡಿ ಮೇಡಂ. ನಿಮಗೆ ಏನಾಗುತ್ತೆ ಅದನ್ನ ನಿಮ್ಮ ಮಾತಲ್ಲೇ ಹೇಳಿ" ಅಂದೆ. ಆಕೆ ಚೀಲದಿಂದ ಒಂದು ಚಿಕ್ಕ ನೋಟ್‌ಬುಕ್ ತೆಗೆದರು. ಅದರಲ್ಲಿ ಗಾಡಿ ಆಫ್ ಆದ 11 ಸಲದ ವಿವರ ಬರೆದಿದ್ದರು. ಎಷ್ಟು ಹೊತ್ತು ಓಡಿದ ಮೇಲೆ ಆಯಿತು, ಎಸಿ ಹಾಕಿತ್ತಾ ಇಲ್ವಾ, ಮತ್ತೆ ಸ್ಟಾರ್ಟ್ ಆಗಲು ಎಷ್ಟು ನಿಮಿಷ ಬೇಕಾಯಿತು, ಎಲ್ಲ ಇತ್ತು. ಇದನ್ನು ವರ್ಕ್‌ಶಾಪಿನಲ್ಲಿ ತೋರಿಸಿದಿರಾ ಅಂತ ಕೇಳಿದೆ. "ತೋರಿಸಿದೆ. ಇದೆಲ್ಲ ಬೇಡ ಮೇಡಂ, ನಾವು ಸ್ಕ್ಯಾನರ್ ಹಾಕ್ತೀವಿ ಅಂದರು."

ಆ ನೋಟ್‌ಬುಕ್ಕಿನ 7ನೇ ಸಲದ್ದನ್ನು ಇಲ್ಲಿ ಹಾಗೇ ಕೊಡುತ್ತೇನೆ:

"40 ನಿಮಿಷ ಆಗಿತ್ತು. ನಾಲ್ಕನೇ ಗೇರ್. ಆರ್‌ಪಿಎಂ ಮುಳ್ಳು ಪಟ್ ಅಂತ ಸೊನ್ನೆಗೆ ಬಿತ್ತು, ಗಾಡಿ ಇನ್ನೂ ಓಡ್ತಾನೇ ಇತ್ತು. ಕ್ಲಚ್ ಒತ್ತಿದೆ. ಬ್ರೇಕ್ ಕಲ್ಲು. ಎರಡೂ ಕಾಲಲ್ಲಿ ಒತ್ತಿದೆ. ಮುಂದಿನ ಗಾಡಿಗೆ ಒಂದು ಗೇಣು."

ಇದು ಜಾಬ್ ಕಾರ್ಡಿಗೆ ಹೋಗುವಷ್ಟರಲ್ಲಿ "ಎಂಜಿನ್ ಮಿಸ್ಸಿಂಗ್" ಆಗಿತ್ತು. ಮಿಸ್ಸಿಂಗ್ ಅಂದರೆ ಎಂಜಿನ್ ಕುಂಟುತ್ತಾ ಓಡುವುದು. ಅದು ಬೇರೆ ಕಾಯಿಲೆ, ಬೇರೆ ಔಷಧಿ. ಮೆಕ್ಯಾನಿಕ್ ಆ ಪದ ನೋಡಿ ಸ್ಪಾರ್ಕ್ ಪ್ಲಗ್ ಬದಲಾಯಿಸಿದ್ದ. ಅವನದೇನೂ ತಪ್ಪಿಲ್ಲ. ಅವನ ಕೈಗೆ ಬಂದ ದೂರಿಗೆ ಅವನು ಮಾಡಿದ್ದು ಸರಿಯಾದ ಕೆಲಸವೇ.

ಇನ್ನೊಂದು ವಿಷಯ. ಮೂರು ಸಲವೂ ಗಾಡಿ ರಾತ್ರಿ ಅಲ್ಲೇ ನಿಂತಿತ್ತು. ಬೆಳಿಗ್ಗೆ ತಣ್ಣಗಿದ್ದಾಗ ಹತ್ತು ನಿಮಿಷದ ಟೆಸ್ಟ್ ಡ್ರೈವ್ ಹೋಗಿ ಬಂದಿದ್ದರು. ನೋಟ್‌ಬುಕ್ ಪ್ರಕಾರ 20 ನಿಮಿಷದೊಳಗೆ ಒಮ್ಮೆಯೂ ಗಾಡಿ ಆಫ್ ಆಗಿಲ್ಲ. ಹೀಗಿರುವಾಗ ತೊಂದರೆ ಕಾಣುವುದಾದರೂ ಹೇಗೆ?

ಆಫ್ ಆಗುವ ಎಂಜಿನ್

ಓಡುವಾಗ ಎಂಜಿನ್ ನಿಲ್ಲುವುದನ್ನು ಬರೀ ಕಿರಿಕಿರಿ ಅಂತ ನೋಡುವ ಚಾಳಿ ದೊಡ್ಡ ದೊಡ್ಡ ಕಡೆಯೂ ಇತ್ತು. ಜನರಲ್ ಮೋಟರ್ಸ್ ಕಂಪನಿಯ ಇಗ್ನಿಷನ್ ಸ್ವಿಚ್ ಪ್ರಕರಣ ನೆನಪಿರಬಹುದು. ಶೆವ್ರೊಲೆ ಕೋಬಾಲ್ಟ್‌ನಂಥ ಕಾರುಗಳಲ್ಲಿ ಕೀಲಿ ತಾನಾಗೇ ಜಾರಿ ಎಂಜಿನ್ ಆಫ್ ಆಗುತ್ತಿತ್ತು. ಸ್ಟೀರಿಂಗ್ ಮತ್ತು ಬ್ರೇಕಿಗೆ ಸಿಗುವ ಸಹಾಯ ಹೋಗುತ್ತಿತ್ತು. ಏರ್‌ಬ್ಯಾಗ್ ಕೂಡ ಬಿಚ್ಚಿಕೊಳ್ಳುತ್ತಿರಲಿಲ್ಲ. ಮಾಲೀಕರು ವರ್ಷಗಟ್ಟಲೆ ದೂರು ಕೊಟ್ಟರು. ಕಂಪನಿಯೊಳಗೆ ಅದನ್ನು ಸುರಕ್ಷತೆಯ ವಿಷಯ ಅಂತ ನೋಡಲೇ ಇಲ್ಲ, "ಗ್ರಾಹಕರ ಅನುಕೂಲ"ದ ವಿಷಯ ಅಂತ ಬೇರೆ ಕಟ್ಟಿಗೆ ಸೇರಿಸಿದ್ದರು. 2014ರಲ್ಲಿ ರೀಕಾಲ್, ಅಂದರೆ ದೋಷವಿರುವ ಗಾಡಿಗಳನ್ನು ರಿಪೇರಿಗೆ ವಾಪಸು ಕರೆಯುವುದು, ಶುರುವಾಯಿತು. ಆಮೇಲೆ ಪರಿಹಾರ ನಿಧಿ ಒಪ್ಪಿಕೊಂಡ ಸಾವುಗಳ ಸಂಖ್ಯೆ 124. ದೂರನ್ನು ಯಾವ ಹೆಸರಿನ ಕೆಳಗೆ ಬರೆದುಕೊಳ್ಳುತ್ತೇವೆ ಅನ್ನೋದು ಸಣ್ಣ ವಿಷಯ ಅಲ್ಲ.

ನಮ್ಮ ಕಾರಿಗೆ ಬರೋಣ. ಇಲ್ಲಿ ನಾನೂ ಒಂದು ತಪ್ಪು ಮಾಡಿದೆ. ಎಂಜಿನ್ ಆಫ್ ಆಗೋದು, ಆಕೆ ಹೇಳಿದ್ದ ಇನ್ನೊಂದು ದೂರಾದ ಏರ್‌ಬ್ಯಾಗ್ ದೀಪ ಆಗಾಗ ಉರಿಯೋದು, ಎರಡಕ್ಕೂ ಒಂದೇ ಕಾರಣ ಇರಬೇಕು ಅಂತ ತಲೆಗೆ ಹೊಕ್ಕಿತು. ಹಳೇ ಗಾಡಿಯಲ್ಲಿ ಅರ್ಥಿಂಗ್, ಅಂದರೆ ಬ್ಯಾಟರಿಗೂ ಗಾಡಿಯ ಬಾಡಿಗೂ ನಡುವಿನ ಕರೆಂಟಿನ ದಾರಿ, ಕೆಟ್ಟರೆ ಎಲ್ಲಾ ಚಿತ್ರವಿಚಿತ್ರ ಆಟಗಳೂ ಶುರುವಾಗುತ್ತವೆ. ಮೀಟರ್ ಹಿಡಿದು ನೋಡಿದೆ. ಸೆಲ್ಫ್ ಹೊಡೆಯುವಾಗ ಬ್ಯಾಟರಿ ಮತ್ತು ಬಾಡಿ ನಡುವೆ 0.4 ವೋಲ್ಟ್ ನಷ್ಟ. 0.2 ದಾಟಬಾರದು. ಸಿಕ್ಕಿತು ಅಂತ ಖುಷಿಯಾಯಿತು. ಬೋಲ್ಟ್ ಬಿಚ್ಚಿ, ತುಕ್ಕು ಉಜ್ಜಿ, ಹೊಸ ಕೇಬಲ್ ಹಾಕಿದೆ. ನಷ್ಟ 0.1ಕ್ಕಿಂತ ಕೆಳಗೆ ಇಳಿಯಿತು. ನಾಲ್ಕನೇ ದಿನ ಫೋನು. "ಸರ್, 12ನೇ ಸಲ."

ಆಗ ಬುದ್ಧಿ ಬಂತು. 7ನೇ ಸಲದ ಬರಹದಲ್ಲೇ ಉತ್ತರ ಇತ್ತು, ನಾನೂ ಸರಿಯಾಗಿ ಓದಿರಲಿಲ್ಲ. ಗಾಡಿ ನಾಲ್ಕನೇ ಗೇರಿನಲ್ಲಿ ಓಡುತ್ತಿದೆ, ಕ್ಲಚ್ ಇನ್ನೂ ಒತ್ತಿಲ್ಲ. ಅಂದರೆ ಚಕ್ರಗಳೇ ಎಂಜಿನನ್ನು ತಿರುಗಿಸುತ್ತಿವೆ. ಎಂಜಿನ್ ತಿರುಗುತ್ತಿದೆ, ಆದರೆ ಮುಳ್ಳು ಸೊನ್ನೆ. ಪೆಟ್ರೋಲ್ ಬರದೆ ಆಫ್ ಆಗಿದ್ದರೆ ಮುಳ್ಳು ವೇಗದ ಜೊತೆ ನಿಧಾನಕ್ಕೆ ಇಳಿಯುತ್ತಿತ್ತು. ಪಟ್ ಅಂತ ಬಿದ್ದಿದೆ ಅಂದರೆ ಎಂಜಿನ್ ತಿರುಗುತ್ತಿದೆ ಅನ್ನೋ ಸುದ್ದಿಯೇ ಕಂಪ್ಯೂಟರಿಗೆ ತಲುಪುತ್ತಿಲ್ಲ.

ಆ ಸುದ್ದಿ ಕೊಡುವುದು ಕ್ರ್ಯಾಂಕ್ ಸೆನ್ಸರ್. ಹೆಬ್ಬೆರಳಿನಷ್ಟು ಗಾತ್ರ. ಒಳಗೆ ಒಂದು ಅಯಸ್ಕಾಂತ, ಸುತ್ತಲೂ ಕೂದಲೆಳೆಯಂಥ ತಂತಿಯ ಸುರುಳಿ. ಹಲ್ಲುಗಳ ಚಕ್ರ ಅದರ ಮುಂದೆ ತಿರುಗಿದಾಗ ಒಂದೊಂದು ಹಲ್ಲಿಗೂ ಒಂದೊಂದು ಮಿಡಿತ. ವರ್ಷಗಟ್ಟಲೆ ಬಿಸಿ ತಿಂದು ಆ ತಂತಿ ಎಲ್ಲೋ ಸೀಳಿದ್ದರೆ, ತಣ್ಣಗಿದ್ದಾಗ ಎರಡು ತುದಿಗಳು ತಾಗಿಕೊಂಡಿರುತ್ತವೆ. ಬಿಸಿಯಾದಾಗ ಹಿಗ್ಗಿ ದೂರವಾಗುತ್ತವೆ. ಮಿಡಿತ ನಿಂತರೆ ಕಂಪ್ಯೂಟರ್ ಕಿಡಿಯನ್ನೂ ಪೆಟ್ರೋಲನ್ನೂ ನಿಲ್ಲಿಸುತ್ತದೆ. ಈ ಹಳೇ ಮಾದರಿಯ ಕಾರಿನಲ್ಲಿ ಸ್ಕ್ಯಾನರ್ ಓದುವಂಥ ದೋಷದ ಕೋಡ್ ಕೂಡ ಉಳಿಯುವುದಿಲ್ಲ. ಮಿಡಿತ ಇಲ್ಲ ಅಂದರೆ ಎಂಜಿನ್ ನಿಲ್ಲಿಸಿದ್ದಾರೆ ಅಂತಲೇ ಅದು ತಿಳಿದುಕೊಳ್ಳುತ್ತದೆ. ಸ್ಕ್ಯಾನರ್ ಹಾಕಿದವರಿಗೆ ಏನೂ ಸಿಗದೇ ಇದ್ದದ್ದು ಇದಕ್ಕೇ.

ಪೆಟ್ರೋಲ್ ಒತ್ತಡ ನೋಡುವ ಗೇಜ್ ಸಿಕ್ಕಿಸಿ, ಎಸಿ ಹಾಕಿ, ಬಾನೆಟ್ ಮುಚ್ಚಿ, ಗಾಡಿಯನ್ನು ನಿಂತಲ್ಲೇ ಓಡಲು ಬಿಟ್ಟೆ. 35ನೇ ನಿಮಿಷಕ್ಕೆ ಆಫ್ ಆಯಿತು. ಇಷ್ಟು ಸಂತೋಷದಿಂದ ಒಂದು ಗಾಡಿ ಕೆಡುವುದನ್ನು ನಾನು ನೋಡಿದ್ದು ಕಡಿಮೆ. ಪೆಟ್ರೋಲ್ ಒತ್ತಡ ಇದ್ದಷ್ಟೇ ಇತ್ತು, ಕಿಡಿ ಇಲ್ಲ. ಬೆಳಿಗ್ಗೆ ತಣ್ಣಗಿದ್ದಾಗ ಸೆನ್ಸರಿನ ರೆಸಿಸ್ಟೆನ್ಸ್ 860 ಓಮ್ ತೋರಿಸಿತ್ತು. ಈಗ ಮೀಟರ್ ಏನೂ ತೋರಿಸಲಿಲ್ಲ, ತಂತಿ ಕಡಿದ ಹಾಗೆ. ಒದ್ದೆ ಬಟ್ಟೆ ಸುತ್ತಿದೆ. ಐದು ನಿಮಿಷಕ್ಕೆ ಮತ್ತೆ ಮೂರಂಕಿ ಬಂತು. ಸೆಲ್ಫ್ ಹೊಡೆದರೆ ಗಾಡಿ ಏನೂ ಆಗಿಯೇ ಇಲ್ಲ ಅನ್ನುವ ಹಾಗೆ ಸ್ಟಾರ್ಟ್ ಆಯಿತು.

ಎರಡು ಬ್ರೇಕ್ ದೂರು, ಒಂದು ಸಾಲು

ಈ ಪ್ರಕರಣದಲ್ಲಿ ನನಗೆ ಜಾಸ್ತಿ ಸಿಟ್ಟು ಬಂದದ್ದು ಬ್ರೇಕಿನ ವಿಷಯಕ್ಕೆ. ಆಕೆ ಎರಡು ದೂರು ಹೇಳಿದ್ದರು. ಒಂದು, ಎಂಜಿನ್ ಆಫ್ ಆದಾಗ ಪೆಡಲ್ ಕಲ್ಲಿನ ಹಾಗೆ ಆಗುತ್ತೆ. ಇನ್ನೊಂದು, ಉದ್ದದ ಇಳಿಜಾರಿನಲ್ಲಿ ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತೆ, ಸುಟ್ಟ ವಾಸನೆ ಬರುತ್ತೆ. ಒಂದು ಗಟ್ಟಿ, ಒಂದು ಮೆತ್ತಗೆ. ಇವೆರಡನ್ನೂ ಸೇರಿಸಿ "ಬ್ರೇಕ್ ಸಮಸ್ಯೆ" ಅಂತ ಬರೆದು ಹೊಸ ಪ್ಯಾಡ್ ಹಾಕಿದ್ದರು. ಗಟ್ಟಿಯಾಗುವ ಪೆಡಲ್ಲಿಗೂ ಪ್ಯಾಡಿಗೂ ಸಂಬಂಧವೇ ಇಲ್ಲ.

ಗಟ್ಟಿ ಪೆಡಲ್ ಮೊದಲು ನೋಡೋಣ. ನಮ್ಮ ಕಾಲಿನ ಬಲ ಒಂದರಿಂದಲೇ ಕಾರು ಸುಲಭವಾಗಿ ನಿಲ್ಲುವುದಿಲ್ಲ. ಎಂಜಿನ್ ಎಳೆಯುವ ಗಾಳಿಯಿಂದ ಬೂಸ್ಟರ್ ಅನ್ನೋ ಡಬ್ಬಿಯಲ್ಲಿ ನಿರ್ವಾತ ಉಂಟಾಗುತ್ತದೆ, ಅದು ಕಾಲಿಗೆ ಬಲ ಸೇರಿಸುತ್ತದೆ. ಎಂಜಿನ್ ನಿಂತರೂ ಎರಡು ಮೂರು ಸಲ ಒತ್ತುವಷ್ಟು ನಿರ್ವಾತ ಬೂಸ್ಟರಿನಲ್ಲಿ ಉಳಿದಿರಬೇಕು. ಅದನ್ನು ಹಿಡಿದಿಡುವುದು ಪೈಪಿನ ಬಾಯಲ್ಲಿರುವ ಒಂದು ಪ್ಲಾಸ್ಟಿಕ್ ವಾಲ್ವ್, ಗಾಳಿಯನ್ನು ಒಂದೇ ಕಡೆಗೆ ಬಿಡುವಂಥದ್ದು. ಅದನ್ನು ಕಿತ್ತು ಒರೆಸಿ ಬಾಯಲ್ಲಿಟ್ಟು ಊದಿದೆ. ಈ ಕಡೆಯಿಂದ ಗಾಳಿ ಹೋಯಿತು, ಹೋಗಬೇಕು. ತಿರುಗಿಸಿ ಊದಿದೆ. ಆ ಕಡೆಯಿಂದಲೂ ಹೋಯಿತು. ಒಳಗಿನ ರಬ್ಬರ್ ಬಿಲ್ಲೆ ಗಟ್ಟಿಯಾಗಿ ಅಂಚು ಸೀಳಿತ್ತು. "ಇಷ್ಟೇನಾ?" ಅಂದರು ಆಕೆ, ಅದನ್ನು ಅಂಗೈಯಲ್ಲಿ ಹಿಡಿದು.

ಎಂಜಿನ್ ಓಡುವಾಗ ಈ ವಾಲ್ವ್ ಕೆಟ್ಟಿದ್ದು ಗೊತ್ತಾಗುವುದು ಕಷ್ಟ. ಕೆಟ್ಟ ಸೆನ್ಸರ್ ಒಂದೇ ಇದ್ದಿದ್ದರೆ ಗಾಡಿಯನ್ನು ಪಕ್ಕಕ್ಕೆ ತಂದು ನಿಲ್ಲಿಸಬಹುದಿತ್ತು. ಎರಡೂ ಕೂಡಿದ್ದರಿಂದ ಒಂದು ಗೇಣು ಉಳಿಯಿತು. ಪರೀಕ್ಷೆ ಯಾರು ಬೇಕಾದರೂ ಮಾಡಬಹುದು. ಗಾಡಿ ಆಫ್ ಮಾಡಿ, ಐದು ನಿಮಿಷ ಬಿಟ್ಟು ಪೆಡಲ್ ಒತ್ತಿ. ಮೊದಲ ಒತ್ತು ಎಂದಿನಂತೆ ಮೆತ್ತಗೆ ಹೋಗಬೇಕು. ಮೊದಲನೆಯದೇ ಗಟ್ಟಿ ಇದ್ದರೆ ವಾಲ್ವ್, ಪೈಪ್ ಅಥವಾ ಬೂಸ್ಟರ್ ಸೋರುತ್ತಿದೆ. ಇನ್ನೊಂದು ಮಾತು, ಓಡುವಾಗ ಎಂಜಿನ್ ಆಫ್ ಆದರೆ ಗಾಬರಿಯಲ್ಲಿ ಪೆಡಲನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಬಾರದು. ಉಳಿದಿರುವ ಸಹಾಯ ಹಾಗೇ ಖರ್ಚಾಗುತ್ತದೆ. ಒಮ್ಮೆ ಬಲವಾಗಿ ಒತ್ತಿ ಹಿಡಿಯಬೇಕು. ಕೀಲಿಯನ್ನು ಪೂರ್ತಿ ತಿರುಗಿಸಿ ತೆಗೆಯಲೂ ಬಾರದು, ಸ್ಟೀರಿಂಗ್ ಲಾಕ್ ಆಗುತ್ತದೆ.

ಮೆತ್ತಗಿನ ಪೆಡಲ್ ಬೇರೆ ಕಥೆ. ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದರೆ ಒಳಗೆ ಕಪ್ಪು ಕಷಾಯ. ಬ್ರೇಕ್ ಆಯಿಲ್ ಅಂತ ಕರೆಯುತ್ತೇವೆ, ಆದರೆ ಅದು ಎಣ್ಣೆಯೇ ಅಲ್ಲ. ಗಾಳಿಯಲ್ಲಿನ ತೇವಾಂಶವನ್ನು ಹೀರಿಕೊಳ್ಳುವ ದ್ರವ. ಡಾಟ್ 4 ದರ್ಜೆಯದು ಹೊಸದಾಗಿದ್ದಾಗ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು. ಶೇಕಡಾ 3.7ರಷ್ಟು ನೀರು ಸೇರಿದ ಸ್ಥಿತಿಯಲ್ಲಿ ಅದೇ ದರ್ಜೆಗೆ ಬೇಕಾದ ಮಟ್ಟ ಬರೀ 155. ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಬಂದರೆ ಆ ಬಿಸಿ ಮುಟ್ಟುವುದು ಕಷ್ಟವೇನಲ್ಲ. ದ್ರವ ಕುದ್ದರೆ ಒಳಗೆ ಆವಿಯ ಗುಳ್ಳೆ. ದ್ರವವನ್ನು ಒತ್ತಿದರೆ ಕುಗ್ಗುವುದಿಲ್ಲ, ಗುಳ್ಳೆ ಕುಗ್ಗುತ್ತದೆ. ಕಾಲು ಕೆಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಕೆಳಗೆ ಬಂದು ತಣ್ಣಗಾದ ಮೇಲೆ ಎಲ್ಲ ಮೊದಲಿನಂತೆ. ಮತ್ತೆ ವರ್ಕ್‌ಶಾಪಿನಲ್ಲಿ "ತೊಂದರೆ ಕಂಡುಬಂದಿಲ್ಲ".

ಅಷ್ಟು ಬಿಸಿ ಬಂದದ್ದು ಎಲ್ಲಿಂದ ಅಂತ ಮುಂದಿನ ಎಡ ಚಕ್ರ ಬಿಚ್ಚಿದೆ. ಡಿಸ್ಕ್ ನೀಲಿ ತಿರುಗಿತ್ತು. ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಆಚೀಚೆ ಜಾರಬೇಕಾದ ಪಿನ್ನು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಎರಡು ತಿಂಗಳ ಹಿಂದೆ ಹಾಕಿದ ಹೊಸ ಪ್ಯಾಡ್, ಒಳಗಿನದು ಆಗಲೇ ಹೊರಗಿನದಕ್ಕಿಂತ ಎದ್ದು ಕಾಣುವಷ್ಟು ಸವೆದಿತ್ತು. ಪ್ಯಾಡ್ ಹಾಕಿದವರ ಕೈ ಆ ಪಿನ್ನಿನ ಪಕ್ಕದಲ್ಲೇ ಇತ್ತು. ಸ್ವಲ್ಪ ಉಜ್ಜಿ ಗ್ರೀಸ್ ಹಚ್ಚಿದ್ದರೆ ಮುಗಿಯುತ್ತಿತ್ತು. ಬ್ರೇಕ್ ಹಿಡಿದು ಬಿಡದೆ ಉಜ್ಜುತ್ತಲೇ ಇದ್ದದ್ದಕ್ಕೆ ಆ ಸುಟ್ಟ ವಾಸನೆ.

ದೀಪ, ನಂಬರ್, ವಾಸನೆ

ಏರ್‌ಬ್ಯಾಗ್ ದೀಪದ ಬಗ್ಗೆ ಆಕೆಗೆ ವರ್ಕ್‌ಶಾಪಿನಲ್ಲಿ ಸಿಕ್ಕ ಉತ್ತರ, "ಹಳೇ ಗಾಡಿ ಮೇಡಂ, ಒಂದಲ್ಲ ಒಂದು ಲೈಟ್ ಬರ್ತಾನೇ ಇರುತ್ತೆ." ಆ ದೀಪ ಉರಿದಿದೆ ಅಂದರೆ ಗುದ್ದಿದಾಗ ಬ್ಯಾಗ್ ಬಿಚ್ಚಿಕೊಳ್ಳದೇ ಇರಬಹುದು ಅಂತ ಅರ್ಥ. ನೋಟ್‌ಬುಕ್ಕಿನಲ್ಲಿ "ಎಡಕ್ಕೆ ಪೂರ್ತಿ ತಿರುಗಿಸಿದಾಗ" ಅಂತ ಇತ್ತು. ಅಷ್ಟು ಸಾಕು. ಸ್ಟೀರಿಂಗ್ ಚಕ್ರದ ಕೆಳಗೆ ಟೇಪಿನಂತೆ ಸುತ್ತಿಕೊಂಡ ಕೇಬಲ್ ಇರುತ್ತದೆ, ಕ್ಲಾಕ್ ಸ್ಪ್ರಿಂಗ್ ಅನ್ನುತ್ತಾರೆ. ಸಾವಿರಾರು ಸಲ ತಿರುಗಿ ಅದು ಒಳಗೇ ಕಡಿದಿತ್ತು. ಅದನ್ನು ಬದಲಾಯಿಸುವ ಮೊದಲು ಬ್ಯಾಟರಿ ಬಿಚ್ಚಿ ಕೆಲವು ನಿಮಿಷ ಕಾಯಬೇಕು. ಸುಮ್ನೆ ಮನೆಯಲ್ಲಿ ಕೈ ಹಾಕುವ ಕೆಲಸ ಅಲ್ಲ.

ಏರ್‌ಬ್ಯಾಗ್ ಮಾತು ಬಂದ ಮೇಲೆ ರೀಕಾಲ್ ನೋಡದೆ ಬಿಡುವ ಹಾಗಿಲ್ಲ. ಟಕಾಟಾ ಕಂಪನಿಯ ಏರ್‌ಬ್ಯಾಗ್ ಗೊತ್ತಿರಬಹುದು. ಅದನ್ನು ಉಬ್ಬಿಸಲು ಅಮೋನಿಯಂ ನೈಟ್ರೇಟ್ ಬಳಸಿದ್ದರು. ಬಿಸಿ, ತೇವ, ವಯಸ್ಸು ಮೂರೂ ಸೇರಿದರೆ ಅದು ಹಾಳಾಗಿ, ಉಬ್ಬುವ ಬದಲು ಸಿಡಿದು ಲೋಹದ ಚೂರು ಎಸೆಯುತ್ತಿತ್ತು. ಅಮೆರಿಕ ಒಂದರಲ್ಲೇ ಸುಮಾರು 6 ಕೋಟಿ 70 ಲಕ್ಷ ಇನ್‌ಫ್ಲೇಟರ್‌ಗಳನ್ನು, ಅಂದರೆ ಬ್ಯಾಗ್ ಉಬ್ಬಿಸುವ ಭಾಗಗಳನ್ನು, ವಾಪಸು ಕರೆದರು, ಕಂಪನಿ 2017ರಲ್ಲಿ ದಿವಾಳಿ ಎದ್ದಿತು. ಹೊಸದಾಗಿದ್ದಾಗ ಸರಿ ಇದ್ದು, ಹಳೆಯದಾದಾಗ ಅಪಾಯ ಆಗುವ ಭಾಗ. ಹಾಗಾಗಿ ಹಳೇ ಗಾಡಿ ಬಂದರೆ ಚಾಸಿ ನಂಬರ್ ಹಾಕಿ ರೀಕಾಲ್ ಇದೆಯಾ ಅಂತ ನೋಡುವುದು ನನ್ನ ಅಭ್ಯಾಸ.

ಆಕೆ ಆಗಲೇ ನೋಡಿದ್ದರಂತೆ. ಇಂಥ ಗಾಡಿಯೇ ಇಲ್ಲ ಅಂತ ಬಂದಿತ್ತು. ಕೊಳ್ಳುವಾಗ ಮಾಡಿಕೊಂಡ ಕರಾರು ಪತ್ರದಿಂದ ನಂಬರ್ ಎತ್ತಿಕೊಂಡಿದ್ದರು. ನಾನು ನೋಡಿದರೆ 17 ಅಕ್ಷರಗಳ ನಡುವೆ ಒಂದು ಇಂಗ್ಲಿಷ್ ಓ. ಚಾಸಿ ನಂಬರಿನಲ್ಲಿ ಓ, ಐ, ಕ್ಯೂ ಈ ಮೂರು ಅಕ್ಷರ ಬರುವುದೇ ಇಲ್ಲ, ಸೊನ್ನೆ ಮತ್ತು ಒಂದರ ಜೊತೆ ಗೊಂದಲ ಆಗಬಾರದು ಅಂತ. ಟೈಪ್ ಮಾಡಿದವರು ಸೊನ್ನೆಯನ್ನು ಓ ಮಾಡಿದ್ದರು. ಗಾಡಿಯ ಮೇಲೇ ಅಚ್ಚೊತ್ತಿದ್ದ ನಂಬರ್ ಓದಿ ಹಾಕಿದೆವು.

ಏರ್‌ಬ್ಯಾಗಿಗೆ ರೀಕಾಲ್ ಇರಲಿಲ್ಲ. ಇದ್ದದ್ದು ಪೆಟ್ರೋಲ್ ಪಂಪಿನ ಮೇಲಿನ ಮುಚ್ಚಳಕ್ಕೆ. ಪ್ಲಾಸ್ಟಿಕ್ ಬಿರುಕು ಬಿಟ್ಟು ಪೆಟ್ರೋಲ್ ಸೋರಬಹುದು, ಬೆಂಕಿಯ ಅಪಾಯ ಇದೆ ಅಂತ. ಪತ್ರ ಹೊರಟಿದ್ದು ಮೊದಲ ಮಾಲೀಕರ ಹಳೇ ವಿಳಾಸಕ್ಕೆ.

"ಯಾವತ್ತಾದರೂ ಪೆಟ್ರೋಲ್ ವಾಸನೆ ಬಂದಿದೆಯಾ ಮೇಡಂ?"

"ಟ್ಯಾಂಕ್ ಫುಲ್ ಮಾಡಿಸಿದ ದಿನ ಬರುತ್ತೆ. ಎರಡು ದಿನ ಇದ್ದು ಹೋಗುತ್ತೆ."

"ಬರೆದಿಲ್ಲವಲ್ಲ?"

"ಹಳೇ ಗಾಡಿಗೆ ಅಷ್ಟಾದರೂ ಇರಲ್ವಾ ಸರ್ ಅಂದುಕೊಂಡೆ."

ಹಿಂದಿನ ಸೀಟ್ ಎತ್ತಿದೆ. ಪಂಪಿನ ಮುಚ್ಚಳದ ಸುತ್ತ ಧೂಳು ಒದ್ದೆಯಾಗಿ ಕೆಸರಿನಂತೆ ಕೂತಿತ್ತು. ಟ್ಯಾಂಕ್ ಅರ್ಧ ಇದ್ದಾಗ ಪೆಟ್ರೋಲ್ ಅಲ್ಲಿಗೆ ಮುಟ್ಟುವುದಿಲ್ಲ, ಫುಲ್ ಇದ್ದಾಗ ಮುಟ್ಟುತ್ತದೆ. ಇಡೀ ಗಾಡಿಯಲ್ಲಿ ನನ್ನನ್ನು ಹೆದರಿಸಿದ್ದು ಇದೊಂದೇ. ಆಕೆ ದೂರು ಕೊಡದೇ ಇದ್ದದ್ದೂ ಇದೊಂದನ್ನೇ. 11 ಸಲದ್ದನ್ನು ನಿಮಿಷದ ಲೆಕ್ಕದಲ್ಲಿ ಬರೆದಿಟ್ಟವರು "ಹಳೇ ಗಾಡಿ" ಅನ್ನೋ ಮಾತನ್ನು ಆ ವರ್ಕ್‌ಶಾಪಿನವರ ಹಾಗೆಯೇ ತಾವೂ ಹೇಳಿಕೊಂಡಿದ್ದರು.

ಕಂಪನಿಯವರು ಆ ಭಾಗವನ್ನು ದುಡ್ಡಿಲ್ಲದೆ ಬದಲಾಯಿಸಿ ಕೊಟ್ಟರು. ರೀಕಾಲ್ ಸಾಮಾನ್ಯವಾಗಿ ಗಾಡಿಗೆ ಅಂಟಿಕೊಂಡಿರುತ್ತದೆ, ಮೂರನೇ ಕೈ ಆದರೂ ಸಿಗುತ್ತದೆ. ವಯಸ್ಸಿನ ಮಿತಿ ಮಾತ್ರ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ ಉಚಿತ ರಿಪೇರಿಯ ಕಡ್ಡಾಯ 15 ವರ್ಷದ ತನಕ.

ಆಮೇಲೆ ಆಕೆ ಅದೇ ವರ್ಕ್‌ಶಾಪಿಗೆ ಉಳಿದ ಕೆಲಸಕ್ಕೆ ಹೋದರು. ನಾನು ಬೇಡ ಅನ್ನಲಿಲ್ಲ, ಅಲ್ಲಿನ ಕೆಲಸಗಾರರು ಕೆಟ್ಟವರಲ್ಲ. ಈ ಸಲ ಜಾಬ್ ಕಾರ್ಡ್ ಬರೆಯುವಾಗ ಆಕೆ ಪಕ್ಕದಲ್ಲೇ ನಿಂತು ಪದ ಪದ ಹೇಳಿ ಬರೆಸಿದರು. "35 ನಿಮಿಷ ಓಡಿದ ಮೇಲೆ, ಎಸಿ ಹಾಕಿದಾಗ, ಮುಳ್ಳು ಸೊನ್ನೆಗೆ ಬಿದ್ದು ಎಂಜಿನ್ ಆಫ್. ತಣ್ಣಗಿದ್ದಾಗ ಪರೀಕ್ಷೆ ಮಾಡಬಾರದು." ಸಹಿ ಹಾಕುವ ಮೊದಲು ಒಂದು ಫೋಟೊ ಹೊಡೆದುಕೊಂಡರು. ಸೆನ್ಸರ್, ವಾಲ್ವ್, ಕ್ಯಾಲಿಪರ್ ಪಿನ್, ಬ್ರೇಕ್ ಆಯಿಲ್, ಕ್ಲಾಕ್ ಸ್ಪ್ರಿಂಗ್ ಎಲ್ಲ ಎರಡು ದಿನದಲ್ಲಿ ಮುಗಿಯಿತು. ತೆಗೆದ ಹಳೇ ಭಾಗಗಳನ್ನು ಕೇಳಿ ಪಡೆದರು. ಆ ವಾಲ್ವ್ ಈಗಲೂ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿದೆ.

ಅಲ್ಲಿಂದ 14 ತಿಂಗಳಾಯಿತು. ಗಾಡಿ ಆಫ್ ಆಗಿಲ್ಲ. ಬಾಕಿ ಇರುವುದು ಟೈರಿನ ವಿಷಯ. ಟೈರಿನ ಪಕ್ಕದಲ್ಲಿ ನಾಲ್ಕಂಕಿ ಇರುತ್ತದೆ, ಮೊದಲೆರಡು ವಾರ, ಆಮೇಲಿನೆರಡು ವರ್ಷ. ಓಡುವ ನಾಲ್ಕರಲ್ಲಿ ಎರಡಕ್ಕೆ 9 ವರ್ಷ ಆಗಿತ್ತು, ರಸ್ತೆಗೆ ತಾಗುವ ಕಡೆಯ ಗೀರು ಚೆನ್ನಾಗಿದ್ದರೂ ಪಕ್ಕ ಸಣ್ಣಗೆ ಬಿರಿದಿತ್ತು. ಅವನ್ನು ಬದಲಾಯಿಸಿದರು. ಸ್ಟೆಪ್ನಿ ಮಾತ್ರ ಗಾಡಿಯಷ್ಟೇ ಹಳೆಯದು, ಒಂದು ಸಲವೂ ಹೊರಗೆ ಬಂದಿಲ್ಲ, ನೋಡಲು ಹೊಸದರ ಹಾಗೇ ಇದೆ. ಸಿಕ್ಕಾಗಲೆಲ್ಲ ನೆನಪಿಸುತ್ತೇನೆ. "ಮುಂದಿನ ತಿಂಗಳು ಸರ್, ನೋಟ್‌ಬುಕ್ಕಲ್ಲಿ ಬರೆದಿಟ್ಟಿದೀನಿ" ಅನ್ನುತ್ತಾರೆ.